1000 ಕಿಮೀಗೆ ಹತ್ತಿರ ಹತ್ತಿರ ಒಂದು ಲೀಟರ್ ಎಂಜಿನ್ ಆಯಿಲ್ ಖಾಲಿ, ಎಂಜಿನ್ ಬಿಚ್ಚಿಸಲೇಬೇಕಾ?

ಮನೆಗಾಡಿ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಇರುವುದು ಒಂದೇ ಕಾರು. ಪೆಟ್ರೋಲ್, ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ. ಒಂದೂವರೆ ಲಕ್ಷ ಕಿಮೀ ದಾಟಿದೆ. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು, ಹಾಗಾಗಿ ಮೊದಲಿನವರು ಎಷ್ಟು ಕಿಮೀಗೆ ಆಯಿಲ್ ಬದಲಾಯಿಸುತ್ತಿದ್ದರು ಅನ್ನುವುದು ನನಗೆ ತಿಳಿಯದು. ಮಕ್ಕಳ ಸ್ಕೂಲು, ಅಪ್ಪ ಅಮ್ಮನ ಆಸ್ಪತ್ರೆ ಓಡಾಟ, ರಜೆಯಲ್ಲಿ ದೂರದ ಪ್ರಯಾಣ, ಎಲ್ಲಾ ಇದರಲ್ಲೇ.

ಸಮಸ್ಯೆ ಏನೆಂದರೆ ಸರ್ವಿಸ್ ಆದಾಗ ಡಿಪ್‌ಸ್ಟಿಕ್‌ನಲ್ಲಿ ಮೇಲಿನ ಗುರುತಿಗೆ ಸರಿಯಾಗಿ ಇರುವ ಆಯಿಲ್, ಸುಮಾರು 1000 ಕಿಮೀ ಓಡುವಷ್ಟರಲ್ಲಿ ಕೆಳಗಿನ ಗುರುತಿಗೆ ಬಂದು ನಿಲ್ಲುತ್ತದೆ. ನಿಲ್ಲಿಸುವ ಜಾಗದಲ್ಲಿ ನೆಲದ ಮೇಲೆ ಒಂದು ತೊಟ್ಟೂ ಬಿದ್ದಿಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರ್‌ನಿಂದ ಒಂದೇ ಒಂದು ಸಲ ನೀಲಿ ಹೊಗೆ ಬಂದಂತೆ ಕಾಣುತ್ತದೆ, ಆಮೇಲೆ ಏನೂ ಇಲ್ಲ. ಪಿಕಪ್ ಚೆನ್ನಾಗಿದೆ. ಮೈಲೇಜೂ ಇಳಿದಿಲ್ಲ.

ಒಬ್ಬ ಮೆಕ್ಯಾನಿಕ್ ಹೊಗೆ ನೋಡಿದ ಕೂಡಲೇ ಪಿಸ್ಟನ್ ರಿಂಗ್ ಹೋಗಿದೆ, ಎಂಜಿನ್ ಇಳಿಸಿ ಪೂರ್ತಿ ಓವರಾಲ್ ಮಾಡಬೇಕು ಅಂದರು. ಇನ್ನೊಬ್ಬರು ಇಷ್ಟು ತಿನ್ನುವುದು ನಾರ್ಮಲ್, ಕಂಪನಿಯ ಮ್ಯಾನುಯಲ್‌ನಲ್ಲೇ ಬರೆದಿದೆ, ಸುಮ್ನೆ ಟಾಪ್ ಅಪ್ ಮಾಡುತ್ತಾ ಓಡಿಸಿ ಅಂದರು. ಮೂರನೆಯವರದು ಗಟ್ಟಿ ಆಯಿಲ್ ಹಾಕಿ ಅನ್ನುವ ಸಲಹೆ. ಮೂವರೂ ಬಾನೆಟ್ ಎತ್ತಿ ಐದು ನಿಮಿಷವೂ ನೋಡಿಲ್ಲ, ನನಗೆ ಬೇಸರ ಆಗಿರುವುದು ಅದಕ್ಕೇ.

ಮೊನ್ನೆ ಒಂದು ತಿರುವಿನಲ್ಲಿ ಕೆಂಪು ಆಯಿಲ್ ದೀಪ ಒಮ್ಮೆ ಮಿನುಗಿ ಆರಿಹೋಯಿತು. ಮನೆಯವರೆಲ್ಲ ಕಾರಿನಲ್ಲೇ ಇದ್ದರು. ಅಲ್ಲಿಂದ ಮನಸ್ಸಿಗೆ ಸಮಾಧಾನ ಇಲ್ಲ. ಯಾವುದರಿಂದ ಶುರು ಮಾಡಬೇಕು, ಬಲ್ಲವರು ಹೇಳಿ.

ದೂರದಾರಿ:

ಮೊದಲು ಆ ದೀಪದ ವಿಷಯ, ಉಳಿದದ್ದು ಆಮೇಲೆ. ಆ ಕೆಂಪು ದೀಪ ಆಯಿಲ್ ಎಷ್ಟಿದೆ ಅಂತ ಹೇಳುವುದಿಲ್ಲ. ಆಯಿಲ್ ಪ್ರೆಷರ್ ಬಿದ್ದಾಗ ಮಾತ್ರ ಅದು ಉರಿಯುತ್ತದೆ. ತುಂಬಾ ಜನ ಇದನ್ನು ಪೆಟ್ರೋಲ್ ರಿಸರ್ವ್ ದೀಪದ ತರಹ ಅಂದುಕೊಂಡು ಮುಂದಿನ ಬಂಕ್ ಬರಲಿ, ಅಲ್ಲಿ ನೋಡೋಣ ಅಂತ ಓಡಿಸುತ್ತಾ ಹೋಗುತ್ತಾರೆ, ಬಂಕ್ ಬರುವಷ್ಟರಲ್ಲಿ ಬೇರಿಂಗ್ ಹೋಗಿರುತ್ತದೆ.

ತಿರುವಿನಲ್ಲಿ ಮಿನುಗಿತು ಅಂದರೆ ಹೀಗಾಗಿರಬಹುದು: ಕೆಳಗಿನ ಚೇಂಬರ್‌ನಲ್ಲಿ ಆಯಿಲ್ ತೀರಾ ಕಡಿಮೆ ಇತ್ತು, ಗಾಡಿ ವಾಲಿದಾಗ ಅದೆಲ್ಲ ಒಂದು ಕಡೆಗೆ ಸರಿಯಿತು, ಪಂಪಿನ ಜಾಲರಿ ಆ ಕ್ಷಣ ಆಯಿಲ್ ಬದಲು ಗಾಳಿ ಎಳೆಯಿತು. ಒಂದು ಕ್ಷಣ ಆದದ್ದರಿಂದ ದೊಡ್ಡ ಹಾನಿ ಆಗಿರಲಿಕ್ಕಿಲ್ಲ. ಆದರೆ ಇನ್ನೊಮ್ಮೆ ಉರಿದರೆ ಗಾಡಿ ಪಕ್ಕಕ್ಕೆ ಹಾಕಿ ತಕ್ಷಣ ಎಂಜಿನ್ ಆಫ್ ಮಾಡಿ. ಆಯಿಲ್ ಹಾಕಿದ ಮೇಲೂ ದೀಪ ಆರದಿದ್ದರೆ ಮತ್ತೆ ಓಡಿಸಲೇಬೇಡಿ, ಎಳೆಸಿಕೊಂಡು ಹೋಗಿ. ಲೆವೆಲ್ ಸರಿ ಇದ್ದೂ ದೀಪ ಮಿನುಗಿದರೆ ಅದು ಪಂಪ್, ಬೇರಿಂಗ್ ಅಥವಾ ಪ್ರೆಷರ್ ಸ್ವಿಚ್ಚಿನ ತೊಂದರೆ, ಆಗ ಗೇಜ್ ಹಾಕಿ ಪ್ರೆಷರ್ ಅಳೆಸಬೇಕು.

ಇನ್ನು ಅಳತೆ. "ಹತ್ತಿರ ಹತ್ತಿರ ಒಂದು ಲೀಟರ್" ಅನ್ನುವುದು ಸಾಲುವುದಿಲ್ಲ. ಸಮತಟ್ಟಾದ ಜಾಗ, ಎಂಜಿನ್ ಬಿಸಿಯಾಗಿರಬೇಕು, ಆಫ್ ಮಾಡಿ ಐದು ಹತ್ತು ನಿಮಿಷ ಬಿಡಿ, ಮೇಲಿನ ಆಯಿಲ್ ಎಲ್ಲ ಕೆಳಗೆ ಇಳಿಯಲಿ. ಕಡ್ಡಿ ಎಳೆದು ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡಿ. ಪ್ರತಿ ಸಲ ಅದೇ ಜಾಗ, ಅದೇ ರೀತಿ. ಒಮ್ಮೆ ಬೆಳಿಗ್ಗೆ ತಣ್ಣಗಿದ್ದಾಗ, ಒಮ್ಮೆ ಇಳಿಜಾರಿನಲ್ಲಿ ಬಿಸಿಯಾಗಿದ್ದಾಗ ನೋಡಿದರೆ ಲೆಕ್ಕವೇ ತಪ್ಪುತ್ತದೆ. ಮೇಲಿನ ಗುರುತಿನ ತನಕ ತುಂಬಿಸಿ, ಓಡೋಮೀಟರ್ ಬರೆದುಕೊಳ್ಳಿ, 1000 ಕಿಮೀ ಆದ ಮೇಲೆ ಮತ್ತೆ ಅದೇ ಗುರುತಿಗೆ ಬರಲು ಎಷ್ಟು ಮಿಲಿ ಹಿಡಿಯಿತು ಅಂತ ಅಳತೆ ಡಬ್ಬಿಯಲ್ಲಿ ನೋಡಿ. ಸರ್ವಿಸ್ ಸೆಂಟರ್‌ಗಳೂ ಇದೇ ಟೆಸ್ಟ್ ಮಾಡುವುದು, ನಡುವೆ ಯಾರೂ ಕೈ ಹಾಕದಂತೆ ಮುಚ್ಚಳಕ್ಕೆ ಸೀಲ್ ಹಾಕುತ್ತಾರೆ ಅಷ್ಟೇ. ತುಂಬಾ ಕಾರುಗಳಲ್ಲಿ ಎರಡು ಗುರುತಿನ ನಡುವೆ ಸುಮಾರು ಒಂದು ಲೀಟರ್ ಇರುತ್ತದೆ, ಕೆಲವಕ್ಕೆ ಕಡಿಮೆ. ನಿಮ್ಮ ಗಾಡಿಗೆ ಎಷ್ಟು ಅನ್ನುವುದನ್ನು ಮ್ಯಾನುಯಲ್ ನೋಡಿ ಖಚಿತ ಮಾಡಿಕೊಳ್ಳಿ.

ಟೆಸ್ಟ್ ನಡೆಯುವಾಗಲೂ ಪ್ರತಿ ವಾರ ಕಡ್ಡಿ ಎಳೆದು ನೋಡಿ. ಕೆಳಗಿನ ಗುರುತಿಗೆ ಬಂದರೆ ಕಾಯದೆ ಹಾಕಿ, ಹಾಕಿದ ಮಿಲಿಯನ್ನು ಲೆಕ್ಕಕ್ಕೆ ಸೇರಿಸಿದರೆ ಆಯಿತು.

ಇನ್ನೊಂದು ಸಂಗತಿ ಗೊತ್ತಿರಲಿ. ಬರೀ ಎರಡು ಮೂರು ಕಿಮೀ ಓಡಾಟ ಇದ್ದರೆ ಎಂಜಿನ್ ಸರಿಯಾಗಿ ಬಿಸಿಯಾಗುವುದಿಲ್ಲ. ಸುಡದ ಪೆಟ್ರೋಲ್ ಆಯಿಲ್‌ಗೆ ಇಳಿದು ಲೆವೆಲ್ ಇಳಿಯದಂತೆ ಕಾಣುತ್ತದೆ. ಆಮೇಲೆ ಒಂದು ದೂರದ ಪ್ರಯಾಣ ಮಾಡಿದಾಗ ಆ ಪೆಟ್ರೋಲ್ ಆವಿಯಾಗಿ, ಒಮ್ಮೆಲೇ ಅರ್ಧ ಲೀಟರ್ ಮಾಯವಾದ ಹಾಗೆ ಅನ್ನಿಸುತ್ತದೆ. ನಿಮ್ಮದು ಎರಡೂ ತರಹದ ಓಡಾಟ ಇರುವುದರಿಂದ ಯಾವಾಗ ಜಾಸ್ತಿ ಇಳಿಯಿತು ಅನ್ನುವುದನ್ನೂ ಬರೆದಿಡಿ.

ಸ್ಪ್ಯಾನರ್14:

ಗ್ಯಾರೇಜ್ ಕೆಲಸ ಮಾಡುವವನು ನಾನು. ಹೊಗೆ ನೋಡಿ ನೇರವಾಗಿ ಓವರಾಲ್ ಅನ್ನುವವರ ಕೈಗೆ ಗಾಡಿ ಕೊಡಬೇಡಿ. ಎಂಜಿನ್ ಒಮ್ಮೆ ಬಿಚ್ಚಿದ ಮೇಲೆ ಅದು ಬೇಕಿತ್ತೋ ಇಲ್ಲವೋ ಅಂತ ಯಾರೂ ಹೇಳಲಾರರು. ಬಿಚ್ಚುವ ಮೊದಲು ನೋಡಬೇಕಾದದ್ದು ಬೇಕಾದಷ್ಟಿದೆ.

ನೆಲದ ಮೇಲೆ ತೊಟ್ಟಿಲ್ಲ ಅಂದ ಮಾತ್ರಕ್ಕೆ ಲೀಕ್ ಇಲ್ಲ ಅಂತಲ್ಲ. ಎಂಜಿನ್ ಕೆಳಗೆ ಪ್ಲಾಸ್ಟಿಕ್ ಗಾರ್ಡ್ ಇದ್ದರೆ ಆಯಿಲ್ ಅದರ ಮೇಲೇ ನಿಲ್ಲುತ್ತದೆ. ಕೆಲವು ಲೀಕ್ ಎಂಜಿನ್ ಓಡುವಾಗ, ಒಳಗೆ ಪ್ರೆಷರ್ ಇರುವಾಗ ಮಾತ್ರ ಬರುತ್ತವೆ. ಟಪೆಟ್ ಕವರ್ (ಎಂಜಿನ್‌ನ ಮೇಲಿನ ಮುಚ್ಚಳ) ಗ್ಯಾಸ್ಕೆಟ್‌ನಿಂದ ಜಿನುಗಿದ್ದು ಬಿಸಿ ಎಕ್ಸಾಸ್ಟ್ ಮೇಲೆ ಬಿದ್ದು ಅಲ್ಲೇ ಸುಟ್ಟು ಹೋಗುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಬರುವ ಸುಟ್ಟ ವಾಸನೆ ಬಿಟ್ಟರೆ ಬೇರೆ ಸುಳಿವೇ ಇರುವುದಿಲ್ಲ. ಗಾರ್ಡ್ ಬಿಚ್ಚಿ, ಎಂಜಿನ್ ತೊಳೆದು, ಸ್ವಲ್ಪ ದಿನ ಓಡಿಸಿ ಮತ್ತೆ ನೋಡಿ. ಟಪೆಟ್ ಕವರ್, ಕ್ರ್ಯಾಂಕ್‌ನ ಮುಂದಿನ ಹಿಂದಿನ ಸೀಲ್, ಫಿಲ್ಟರ್ ಕೂರುವ ಜಾಗ, ಪ್ರೆಷರ್ ಸ್ವಿಚ್, ಡ್ರೇನ್ ಬೋಲ್ಟಿನ ವಾಷರ್. ಸ್ಪಾರ್ಕ್ ಪ್ಲಗ್ ಬಾವಿಯೊಳಗೆ ಆಯಿಲ್ ನಿಂತಿದೆಯಾ ಅಂತಲೂ ನೋಡಿಸಿ.

ಲೀಕ್ ಇಲ್ಲದಿದ್ದರೆ ಒಳಗೆ ಸುಡುತ್ತಿದೆ. ಯಾವ ದಾರಿಯಲ್ಲಿ ಅನ್ನುವುದೇ ಪ್ರಶ್ನೆ. ಹೊಗೆ ಬರುವ ಹೊತ್ತು ಇಲ್ಲಿ ಬಹಳ ಮುಖ್ಯ. ರಾತ್ರಿಯೆಲ್ಲ ನಿಂತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ನೀಲಿ ಹೊಗೆ ಬಂದು ನಿಂತರೆ, ಮೊದಲ ಅನುಮಾನ ವಾಲ್ವ್ ಸೀಲ್ ಮೇಲೆ. ಅದು ರಬ್ಬರ್, ಬಿಸಿಗೆ ವರ್ಷಗಟ್ಟಲೆ ಬೆಂದು ಗಟ್ಟಿಯಾಗುತ್ತದೆ, ಗಾಡಿ ನಿಂತಾಗ ಹೆಡ್‌ನಲ್ಲಿರುವ (ಎಂಜಿನ್‌ನ ಮೇಲ್ಭಾಗ, ವಾಲ್ವ್‌ಗಳು ಕೂರುವ ಜಾಗ) ಆಯಿಲ್ ವಾಲ್ವ್ ಕಡ್ಡಿಯ ಪಕ್ಕದಿಂದ ನಿಧಾನವಾಗಿ ಇಳಿಯುತ್ತದೆ. ಉದ್ದ ಇಳಿಜಾರಿನಲ್ಲಿ ಆಕ್ಸಲರೇಟರ್ ಬಿಟ್ಟು ಗೇರ್‌ನಲ್ಲೇ ಇಳಿದು, ಕೆಳಗೆ ಬಂದು ಮತ್ತೆ ಒತ್ತಿದಾಗ ಹೊಗೆ ಬಂದರೂ ಅದೇ ಕಥೆ. ಏರು ಹತ್ತುವಾಗ, ಭಾರ ಎಳೆಯುವಾಗ ಬಿಡದೆ ಹೊಗೆ ಬಂದರೆ ರಿಂಗ್ ಅಥವಾ ಬೋರ್, ಅಂದರೆ ಸಿಲಿಂಡರ್‌ನ ಒಳಗೋಡೆ, ಸವೆದಿದೆ. ಇನ್ನೊಬ್ಬರನ್ನು ನಿಮ್ಮ ಹಿಂದೆ ಬೇರೆ ಗಾಡಿಯಲ್ಲಿ ಬರಲು ಹೇಳಿ, ಓಡಿಸುವವರಿಗೆ ಕನ್ನಡಿಯಲ್ಲಿ ಎಲ್ಲಾ ಕಾಣುವುದಿಲ್ಲ. ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಚೆನ್ನಾಗಿದ್ದರೆ ಸ್ವಲ್ಪ ಸ್ವಲ್ಪ ಸುಡುವ ಆಯಿಲ್‌ನ ಹೊಗೆಯನ್ನು ಅದು ಮುಚ್ಚಿಡುತ್ತದೆ. ಹಾಗಾಗಿ ಹೊಗೆ ಇಲ್ಲ ಅಂದರೆ ಸುಡುತ್ತಿಲ್ಲ ಅಂತ ತಿಳಿಯಬಾರದು.

ಈಗ ಎಲ್ಲರೂ ಮರೆಯುವ ಒಂದು ಸಣ್ಣ ಪಾರ್ಟ್: ಪಿಸಿವಿ ವಾಲ್ವ್. ರಿಂಗ್ ದಾಟಿ ಕೆಳಗೆ ಬರುವ ಗ್ಯಾಸನ್ನು ಇದು ಇನ್‌ಟೇಕ್‌ಗೆ ಕಳಿಸಿ ಮತ್ತೆ ಸುಡಿಸುತ್ತದೆ. ಇದು ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ ಗ್ಯಾಸ್ ಜೊತೆಗೆ ಆಯಿಲ್ ಕೂಡ ಎಳೆದುಕೊಂಡು ಹೋಗುತ್ತದೆ. ಮುಚ್ಚಿ ಹೋದರೆ ಚೇಂಬರ್‌ನಲ್ಲಿ ಪ್ರೆಷರ್ ಏರಿ ಸೀಲ್‌ಗಳಿಂದ ಆಯಿಲ್ ತಳ್ಳುತ್ತದೆ. ಎರಡೂ ಕಡೆ ಆಯಿಲ್ ಹೋಗುವುದೇ. ಹಳೇ ಮಾದರಿಯದಾದರೆ ಬಿಚ್ಚಿ ಅಲ್ಲಾಡಿಸಿದಾಗ ಕಟಕಟ ಸದ್ದು ಬರಬೇಕು. ಇನ್‌ಟೇಕ್ ಪೈಪ್ ಒಳಗೆ ಬೆರಳಾಡಿಸಿ ನೋಡಿ, ತೆಳ್ಳಗೆ ಜಿಡ್ಡಿದ್ದರೆ ಪರವಾಗಿಲ್ಲ, ಆಯಿಲ್ ಮಡುಗಟ್ಟಿದ್ದರೆ ಇದೇ ದಾರಿ. ಹೊಸ ಗಾಡಿಗಳಲ್ಲಿ ಇದು ಟಪೆಟ್ ಕವರ್ ಒಳಗೇ ಡಯಾಫ್ರಾಮ್ ರೂಪದಲ್ಲಿ ಇರುತ್ತದೆ, ಅದು ಹರಿದರೆ ಐಡಲ್‌ನಲ್ಲಿ ಸಿಳ್ಳೆ ಹೊಡೆದಂತೆ ಸದ್ದು ಬರುತ್ತದೆ, ಆಯಿಲ್ ಮುಚ್ಚಳ ತೆಗೆಯಲು ಹೋದರೆ ಒಳಗೆ ಎಳೆದುಕೊಂಡು ಗಟ್ಟಿಯಾಗಿ ಕೂತಿರುತ್ತದೆ. ಇದನ್ನು ಬದಲಾಯಿಸುವುದು ಎಂಜಿನ್ ಬಿಚ್ಚುವುದರ ಮುಂದೆ ಏನೂ ಅಲ್ಲ. ಮೊದಲು ಇದನ್ನೇ ನೋಡಿಸಿ.

ಆಮೇಲೆ ನಾಲ್ಕೂ ಪ್ಲಗ್ ಬಿಚ್ಚಿ ಸಾಲಾಗಿ ಇಡಿ, ಯಾವುದು ಯಾವ ಸಿಲಿಂಡರ್‌ದು ಅಂತ ಗುರುತು ಹಾಕಿ. ಒಂದು ಮಾತ್ರ ಒದ್ದೆ ಕಪ್ಪು, ಉಳಿದ ಮೂರು ಒಣಗಿದ್ದರೆ ತೊಂದರೆ ಆ ಸಿಲಿಂಡರ್‌ದು. ನಾಲ್ಕೂ ಒಂದೇ ತರಹ ಇದ್ದರೆ ಪಿಸಿವಿ ಮೇಲೆ ಅಥವಾ ಎಲ್ಲಾ ರಿಂಗ್ ಮೇಲೆ ಅನುಮಾನ. ಜೊತೆಗೆ ಕಂಪ್ರೆಷನ್ ಟೆಸ್ಟ್. ಎಲ್ಲಿ ಕಡಿಮೆ ಇದೆಯೋ ಆ ಸಿಲಿಂಡರ್‌ಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಲೀಕ್ ಡೌನ್ ಟೆಸ್ಟ್ ಮಾಡುವವರು ಸಿಕ್ಕರೆ ಇನ್ನೂ ಒಳ್ಳೆಯದು: ಸಿಲಿಂಡರ್‌ಗೆ ಗಾಳಿ ತುಂಬಿ ಸದ್ದು ಎಲ್ಲಿಂದ ಬರುತ್ತದೆ ಅಂತ ಕೇಳುವುದು. ಆಯಿಲ್ ಮುಚ್ಚಳದ ಹತ್ತಿರ ಬುಸ್ ಅಂದರೆ ರಿಂಗ್, ಸೈಲೆನ್ಸರ್‌ನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವ್, ಕೂಲಂಟ್‌ನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ನಿಧಾನಗಾಡಿ:

ಮೇಲಿನವರು ಹೇಳಿದ್ದು ಸರಿ, ಆದರೆ ಕಂಪ್ರೆಷನ್ ಚೆನ್ನಾಗಿದೆ ಅಂದ ಕೂಡಲೇ ರಿಂಗ್ ಸರಿ ಇದೆ ಅಂತ ಬಿಡಬೇಡಿ. ಪಿಸ್ಟನ್‌ಗೆ ಸಾಮಾನ್ಯವಾಗಿ ಮೂರು ರಿಂಗ್. ಮೇಲಿನ ಎರಡು ಕಂಪ್ರೆಷನ್ ಹಿಡಿಯುತ್ತವೆ, ಕೆಳಗಿನದು ಆಯಿಲ್ ರಿಂಗ್, ಬೋರ್ ಗೋಡೆಯ ಆಯಿಲ್ ಕೆರೆದು ಕೆಳಗೆ ಕಳಿಸುವುದು ಅದರ ಕೆಲಸ. ಕೆರೆದ ಆಯಿಲ್ ಪಿಸ್ಟನ್‌ನಲ್ಲಿರುವ ಸಣ್ಣ ತೂತುಗಳ ಮೂಲಕ ವಾಪಸ್ ಹೋಗುತ್ತದೆ. ಆಯಿಲ್ ಸಮಯಕ್ಕೆ ಬದಲಾಯಿಸದೆ ಓಡಿಸಿದ್ದರೆ ಆ ತೂತುಗಳಲ್ಲಿ ಕಾರ್ಬನ್ ಕಟ್ಟಿ, ಆಯಿಲ್ ರಿಂಗ್ ಅಲ್ಲಾಡದೆ ಅಂಟಿಕೊಳ್ಳುತ್ತದೆ. ಕಂಪ್ರೆಷನ್ ಪೂರ್ತಿ ಇರುತ್ತದೆ, ಪಿಕಪ್ ಇರುತ್ತದೆ, ಆಯಿಲ್ ಮಾತ್ರ ಇರುವುದಿಲ್ಲ. ನಿಮ್ಮ ಗಾಡಿಯ ವಿವರ ಓದಿದರೆ ಇದೂ ಆಗಿರಬಹುದು ಅನ್ನಿಸುತ್ತದೆ.

ಇದು ಬರೀ ನಿರ್ಲಕ್ಷ್ಯದಿಂದ ಆಗುವುದೂ ಅಲ್ಲ. ಮೈಲೇಜ್ ಹೆಚ್ಚಿಸಲು ರಿಂಗ್‌ನ ಒತ್ತಡ ಕಡಿಮೆ ಮಾಡಿದ ಕೆಲವು ಎಂಜಿನ್‌ಗಳಲ್ಲಿ ವಿನ್ಯಾಸವೇ ಹೀಗಿತ್ತು. ಟೊಯೊಟಾದ 2.4 ಲೀಟರ್ 2ಎಝಡ್-ಎಫ್ಇ ಎಂಜಿನ್, 2007ರಿಂದ 2009ರ ಕ್ಯಾಮ್ರಿಯಲ್ಲಿ ಇದ್ದದ್ದು, ಆಯಿಲ್ ತಿನ್ನುವುದಕ್ಕೆ ಹೆಸರಾಗಿತ್ತು. ಅಮೆರಿಕದಲ್ಲಿ ಕಂಪನಿ ಟೆಸ್ಟ್ ಮಾಡಿ, 1200 ಮೈಲಿಗೆ ಒಂದು ಕ್ವಾರ್ಟ್‌ಗಿಂತ ಜಾಸ್ತಿ ಹೋಗುತ್ತಿದ್ದರೆ ಪಿಸ್ಟನ್ ಮತ್ತು ರಿಂಗ್ ಬದಲಾಯಿಸಿ ಕೊಟ್ಟಿತು. ಕಿಮೀ ಲೆಕ್ಕದಲ್ಲಿ ಅದು ಸುಮಾರು 1900 ಕಿಮೀಗೆ ಒಂದು ಲೀಟರ್‌ಗಿಂತ ಸ್ವಲ್ಪ ಕಡಿಮೆ. ಆಡಿಯ 2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್‌ನಲ್ಲೂ, 2009ರಿಂದ 2011ರ ಎ4 ಗಾಡಿಗಳಲ್ಲಿ, ಇದೇ ದೂರು ಬಂದು ಪಿಸ್ಟನ್ ರಿಂಗ್ ಬದಲಾಯಿಸುವ ತನಕ ಹೋಯಿತು.

ಅದಕ್ಕೇ "ನಾರ್ಮಲ್" ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಎಷ್ಟೋ ಮ್ಯಾನುಯಲ್‌ಗಳಲ್ಲಿ 1000 ಕಿಮೀಗೆ ಅರ್ಧ ಲೀಟರ್ ತನಕ, ಕೆಲವದರಲ್ಲಿ ಒಂದು ಲೀಟರ್ ತನಕ ಅಂತ ಇರುವುದು ನಿಜ. ಆದರೆ ಕಂಪನಿ ಎಲ್ಲಿಯ ತನಕ ತನ್ನ ಖರ್ಚಿನಲ್ಲಿ ರಿಪೇರಿ ಮಾಡಿಕೊಡುವುದಿಲ್ಲ ಅನ್ನುವ ಗೆರೆ ಅದು, ಎಂಜಿನ್ ಆರೋಗ್ಯವಾಗಿದೆ ಅನ್ನುವುದಕ್ಕೆ ಗುರುತಲ್ಲ. ಸರ್ವಿಸ್‌ನಿಂದ ಸರ್ವಿಸ್‌ಗೆ ಕಡ್ಡಿಯಲ್ಲಿ ಹೆಚ್ಚು ವ್ಯತ್ಯಾಸ ಕಾಣದ ಗಾಡಿಗಳು ಬೇಕಾದಷ್ಟಿವೆ. ನಿಮ್ಮ ಗಾಡಿಯಲ್ಲಿ ಹಿಂದೆ ಎಷ್ಟಿತ್ತು, ಈಗ ಎಷ್ಟು, ಏರುತ್ತಿದೆಯಾ, ಅದನ್ನು ನೋಡಬೇಕು.

ಗಟ್ಟಿ ಆಯಿಲ್ ಬಗ್ಗೆ: ಮ್ಯಾನುಯಲ್‌ನಲ್ಲಿ ಒಂದಕ್ಕಿಂತ ಹೆಚ್ಚು ಗ್ರೇಡ್ ಕೊಟ್ಟಿದ್ದರೆ ಅದರಲ್ಲಿ ದಪ್ಪದ್ದಕ್ಕೆ ಹೋಗಬಹುದು. 5ಡಬ್ಲ್ಯೂ-20 ಇದ್ದರೆ 5ಡಬ್ಲ್ಯೂ-30, ಹೀಗೆ. ಒಮ್ಮೆಲೇ 20ಡಬ್ಲ್ಯೂ-50ಗೆ ಹಾರಬೇಡಿ. ವೇರಿಯಬಲ್ ವಾಲ್ವ್ ಟೈಮಿಂಗ್ ಇರುವ ಎಂಜಿನ್‌ನಲ್ಲಿ ಆಯಿಲ್ಲೇ ಆ ಟೈಮಿಂಗನ್ನು ತಿರುಗಿಸುವುದು, ದಪ್ಪ ಜಾಸ್ತಿಯಾದರೆ ಅದು ತಡವರಿಸುತ್ತದೆ. ಗ್ರೇಡ್ ಒಂದೇ ಇದ್ದರೂ ಆವಿಯಾಗುವ ಪ್ರಮಾಣ ಬೇರೆ ಬೇರೆ. ಇದನ್ನು ನೋಆಕ್ ಟೆಸ್ಟ್‌ನಲ್ಲಿ ಅಳೆಯುತ್ತಾರೆ, 250 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟಾಗ ಎಷ್ಟು ಶೇಕಡಾ ಆವಿಯಾಯಿತು ಅಂತ. ಐಎಲ್‌ಸಾಕ್ ಜಿಎಫ್-6 ಅನ್ನುವ ಎಂಜಿನ್ ಆಯಿಲ್ ಮಾನದಂಡದಲ್ಲಿ ಇದರ ಮಿತಿ 15%. ಒಳ್ಳೆಯ ಫುಲ್ ಸಿಂಥೆಟಿಕ್‌ಗಳು ಅದಕ್ಕಿಂತ ಸಾಕಷ್ಟು ಕೆಳಗೆ ಇರುತ್ತವೆ, ತಯಾರಕರ ಡೇಟಾ ಶೀಟ್‌ನಲ್ಲಿ ಸಿಗುತ್ತದೆ. ಹೈವೇ ಓಡಾಟದಲ್ಲಿ ಇದರಿಂದ ಸ್ವಲ್ಪ ವ್ಯತ್ಯಾಸ ಕಾಣಬಹುದು. ಸವೆದ ಬೋರನ್ನು ಮಾತ್ರ ಯಾವ ಆಯಿಲ್ಲೂ ಸರಿ ಮಾಡುವುದಿಲ್ಲ.

ಏರುದಾರಿ:

ಪ್ಲಗ್ ತೂತಿನಿಂದ ಕ್ಲೀನರ್ ಸುರಿದು ರಾತ್ರಿಯೆಲ್ಲ ಬಿಟ್ಟರೆ ಅಂಟಿದ ರಿಂಗ್ ಬಿಡುತ್ತದೆ ಅಂತ ವಿಡಿಯೊಗಳಲ್ಲಿ ತೋರಿಸುತ್ತಾರಲ್ವಾ? ಓವರಾಲ್‌ಗೆ ಮೊದಲು ಅದನ್ನು ಮಾಡಿ ನೋಡಬಹುದಾ? ನಮ್ಮ ಮನೆಯ ಗಾಡಿಯೂ ಹೀಗೇ ಆಯಿಲ್ ತಿನ್ನುತ್ತಿದೆ, ಅದಕ್ಕೆ ಕೇಳಿದೆ.

ಸ್ಪ್ಯಾನರ್14:

ಮಾಡಬಹುದು, ಆದರೆ ತಿಳಿದವರು ಮಾಡಬೇಕು. ಕೆಲವು ಎಂಜಿನ್‌ಗಳಲ್ಲಿ ಕಡಿಮೆಯಾಗುತ್ತದೆ, ಕೆಲವದರಲ್ಲಿ ಏನೂ ಆಗುವುದಿಲ್ಲ. ಕೆಲಸವೇ ಆಗುತ್ತದೆ ಅಂತ ಭರವಸೆ ಕೊಡುವವರನ್ನು ನಂಬಬೇಡಿ. ನಿಜವಾದ ಅಪಾಯ ಇರುವುದು ಮರುದಿನ ಬೆಳಿಗ್ಗೆ. ಪಿಸ್ಟನ್ ಮೇಲೆ ದ್ರವ ಉಳಿದಿರುವಾಗ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದರೆ, ದ್ರವ ಕುಗ್ಗುವುದಿಲ್ಲವಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಉಳಿದದ್ದನ್ನು ಹೀರಿ ತೆಗೆದು, ಪೆಟ್ರೋಲ್ ಮತ್ತು ಸ್ಪಾರ್ಕ್ ಎರಡನ್ನೂ ಕಟ್ ಮಾಡಿ, ಪ್ಲಗ್ ಇಲ್ಲದೆ ಕ್ರ್ಯಾಂಕ್ ಮಾಡಬೇಕು. ಕ್ಲೀನರ್ ಕೆಳಗೆ ಇಳಿದು ಆಯಿಲ್ ತೆಳ್ಳಗೆ ಮಾಡಿರುತ್ತದೆ, ಆದ್ದರಿಂದ ಎಂಜಿನ್ ಚಾಲೂ ಮಾಡುವ ಮೊದಲೇ ಆಯಿಲ್, ಫಿಲ್ಟರ್ ಎರಡನ್ನೂ ಬದಲಾಯಿಸಬೇಕು.

ಆಯಿಲ್ ಜೊತೆ ಹಾಕಿ ಓಡಿಸುವ ಫ್ಲಶ್ ಬಗ್ಗೆಯೂ ಹುಷಾರು. ಒಳಗೆ ಕೆಸರು ಜಾಸ್ತಿ ಇರುವ ಎಂಜಿನ್‌ನಲ್ಲಿ ಅದು ದೊಡ್ಡ ಚೂರುಗಳಾಗಿ ಕಳಚಿ ಪಂಪಿನ ಜಾಲರಿಗೆ ಅಡ್ಡ ಬರುತ್ತದೆ, ಮತ್ತೆ ಅದೇ ಕೆಂಪು ದೀಪ. ಮೊದಲು ಟಪೆಟ್ ಕವರ್ ಒಳಗೆ ನೋಡಿ. ಕಂದು ಬಣ್ಣ ಹತ್ತಿದ್ದರೆ ಪರವಾಗಿಲ್ಲ. ಕಪ್ಪು ಕೆಸರು ಗಡ್ಡೆ ಕಟ್ಟಿದ್ದರೆ ಫ್ಲಶ್ ಬೇಡ, ಒಳ್ಳೆಯ ಆಯಿಲ್ ಹಾಕಿ ಬೇಗ ಬೇಗ ಬದಲಾಯಿಸುತ್ತಾ ಹೋಗುವುದೇ ಸುರಕ್ಷಿತ ದಾರಿ.

ನಿಮ್ಮದು ಡೀಸೆಲ್ ಟರ್ಬೊ ಆಗಿದ್ದರೆ ಬೇರೆಯೇ ಲೆಕ್ಕ. ಟರ್ಬೊ ಸೀಲ್ ಹೋಗಿ ಆಯಿಲ್ ಇನ್‌ಟೇಕ್‌ಗೆ ನುಗ್ಗಿದರೆ ಡೀಸೆಲ್ ಎಂಜಿನ್ ಆ ಆಯಿಲನ್ನೇ ಸುಟ್ಟುಕೊಂಡು ಓಡುತ್ತದೆ, ಕೀ ತೆಗೆದರೂ ನಿಲ್ಲದೇ ಇರಬಹುದು. ಇಂಟರ್‌ಕೂಲರ್ ಪೈಪ್ ಬಿಚ್ಚಿ ಒಳಗೆ ಎಷ್ಟು ಆಯಿಲ್ ಇದೆ ಅಂತ ಮೊದಲು ನೋಡಿಸಿ, ತಡ ಮಾಡಬೇಡಿ.

ಮನೆಗಾಡಿ:

ಎಲ್ಲರಿಗೂ ತುಂಬಾ ಧನ್ಯವಾದ, ಇಷ್ಟು ಬಿಡಿಸಿ ಹೇಳುತ್ತೀರಿ ಅಂದುಕೊಂಡಿರಲಿಲ್ಲ. ನೀವು ಹೇಳಿದ ಹಾಗೆ ಅಳತೆ ಮಾಡಿದೆ. 1000 ಕಿಮೀಗೆ 700 ಮಿಲಿ ಹಿಡಿಯಿತು. ಹೈವೇಯಲ್ಲಿ ಓಡಿದ ವಾರ ಜಾಸ್ತಿ ಇಳಿಯಿತು ಅಂತ ಹೇಳಲಾರೆ, ಊರೊಳಗೆ ನಿಂತು ನಿಂತು ಓಡಿದಾಗಲೂ ಇಳಿದಿದೆ. ಲೆವೆಲ್ ಮೇಲೆ ಇಟ್ಟ ಮೇಲೆ ದೀಪ ಮತ್ತೆ ಉರಿದಿಲ್ಲ.

ಬೇರೆ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆ, ಅವರು ಸಮಾಧಾನವಾಗಿ ನೋಡಿದರು. ಟಪೆಟ್ ಕವರ್ ಅಂಚಿನಲ್ಲಿ ಸ್ವಲ್ಪ ಜಿನುಗು ಇದೆ, ಗ್ಯಾಸ್ಕೆಟ್ ಹಾಕಿಸಿದೆ. ಪಿಸಿವಿ ಅಲ್ಲಾಡಿಸಿದರೆ ಸದ್ದೇ ಇಲ್ಲ, ಅದನ್ನೂ ಬದಲಾಯಿಸಿದರು. ಪ್ಲಗ್‌ಗಳಲ್ಲಿ ಎರಡನೇ ಸಿಲಿಂಡರ್‌ದು ಒದ್ದೆ ಕಪ್ಪು, ಮೂರನೆಯದು ಸ್ವಲ್ಪ, ಉಳಿದ ಎರಡು ಒಣಗಿವೆ. ಕಂಪ್ರೆಷನ್ ನಾಲ್ಕಕ್ಕೂ ಹೆಚ್ಚು ಕಡಿಮೆ ಒಂದೇ. ಹಿಂದೆ ಬಂದ ತಮ್ಮ ಹೇಳಿದ್ದು, ಏರಿನಲ್ಲಿ ಹೊಗೆ ಇಲ್ಲವಂತೆ, ಇಳಿಜಾರು ಮುಗಿದು ಆಕ್ಸಲರೇಟರ್ ಒತ್ತಿದಾಗ ಒಂದು ಸಲ ಬಂತಂತೆ.

ಈಗ ವಾಲ್ವ್ ಸೀಲ್ ಹಾಕಿಸಲಾ, ಅಥವಾ ಪಿಸಿವಿ ಬದಲಾಯಿಸಿದ್ದು ಎಷ್ಟು ಕೆಲಸ ಮಾಡಿದೆ ಅಂತ ಕಾಯಲಾ?

ಸ್ಪ್ಯಾನರ್14:

ಕಾಯಿರಿ. ಇನ್ನೊಂದು 1000 ಕಿಮೀ ಅದೇ ರೀತಿ ಅಳೆಯಿರಿ. ಎರಡು ಕೆಲಸ ಒಟ್ಟಿಗೆ ಮಾಡಿಸಿದರೆ ಯಾವುದರಿಂದ ಸರಿಯಾಯಿತು ಅನ್ನುವುದು ತಿಳಿಯುವುದೇ ಇಲ್ಲ. 300 ಮಿಲಿ ಆಸುಪಾಸಿಗೆ ಇಳಿದರೆ ಸದ್ಯಕ್ಕೆ ಅಲ್ಲಿಗೆ ಬಿಡಿ.

ಇಳಿಯದಿದ್ದರೆ ನೀವು ಹೇಳಿದ ಲಕ್ಷಣ ವಾಲ್ವ್ ಸೀಲ್ ಕಡೆಗೇ ಹೋಗುತ್ತದೆ. ಪ್ಲಗ್ ಬಿಚ್ಚಿದಾಗಲೇ ಬೋರೊಸ್ಕೋಪ್ ಕ್ಯಾಮೆರಾ ಇಳಿಸಿ ನೋಡಿಸಿ: ವಾಲ್ವ್ ಹಿಂಬದಿಯಲ್ಲಿ ಆಯಿಲ್ ಹತ್ತಿದ್ದರೆ ಸೀಲ್, ಪಿಸ್ಟನ್‌ನ ಅಂಚಿನ ಸುತ್ತ ಒದ್ದೆಯಾಗಿ ತೊಳೆದಂತೆ ಕಂಡರೆ ರಿಂಗ್. ಬೋರ್ ಗೋಡೆಯಲ್ಲಿ ಉದ್ದುದ್ದ ಗೀರು ಇವೆಯಾ ಅಂತಲೂ ಅದೇ ಹೊತ್ತಿಗೆ ತಿಳಿಯುತ್ತದೆ. ಸೀಲ್ ಅಂತ ಖಚಿತವಾದರೆ ಹೆಡ್ ಇಳಿಸುವ ಅಗತ್ಯ ಎಲ್ಲಾ ಗಾಡಿಗಳಿಗೂ ಇಲ್ಲ. ಪ್ಲಗ್ ತೂತಿನಿಂದ ಗಾಳಿ ಕೊಟ್ಟು ವಾಲ್ವ್ ಕೆಳಗೆ ಬೀಳದಂತೆ ಹಿಡಿದು, ಕ್ಯಾಮ್‌ಶಾಫ್ಟ್ ತೆಗೆದು, ಸ್ಪ್ರಿಂಗ್ ಬಿಚ್ಚಿ ಸೀಲ್ ಹಾಕಬಹುದು. ಟೈಮಿಂಗ್ ಚೈನ್ ಸರಿಯದಂತೆ ಕಟ್ಟಿಡುವ ಕೆಲಸ ಗೊತ್ತಿರುವವರ ಕೈಲೇ ಮಾಡಿಸಿ. ಆದರೆ ವಾಲ್ವ್ ಗೈಡ್ (ವಾಲ್ವ್ ಕಡ್ಡಿ ಓಡಾಡುವ ಕೊಳವೆ) ಸವೆದಿದ್ದರೆ ಹೊಸ ಸೀಲ್ ಬೇಗ ಹೋಗುತ್ತದೆ, ಆಗ ಹೆಡ್ ಇಳಿಸಲೇಬೇಕು. ಇದನ್ನು ಮೊದಲೇ ಕೇಳಿಕೊಳ್ಳಿ.

ದೂರದಾರಿ:

ಒಂದು ಸೇರಿಸುತ್ತೇನೆ. ಹೇಗೂ ಟಾಪ್ ಅಪ್ ಮಾಡಿಕೊಂಡು ಓಡಿಸೋಣ ಅಂತ ತೀರ್ಮಾನಿಸಿದರೂ ಎಂಜಿನ್ ಹೊರಗಿನ ಖರ್ಚು ಲೆಕ್ಕಕ್ಕೆ ಇಟ್ಟುಕೊಳ್ಳಿ. ಆಯಿಲ್‌ನಲ್ಲಿರುವ ರಂಜಕ ಸುಟ್ಟು ಕ್ಯಾಟಲಿಟಿಕ್ ಕನ್ವರ್ಟರ್ ಮೇಲೆ ಪದರ ಕಟ್ಟುತ್ತದೆ, ಆಕ್ಸಿಜನ್ ಸೆನ್ಸರ್‌ಗೂ ಹಾಗೇ. ಚೆಕ್ ಎಂಜಿನ್ ದೀಪ ಬಂದು ಸ್ಕ್ಯಾನ್‌ನಲ್ಲಿ ಪಿ0420 ಅನ್ನುವ ಕೋಡ್ ಕಂಡರೆ ಕನ್ವರ್ಟರ್ ಸೋತಿರಬಹುದು. ಆಯಿಲ್ ಸುಡುವುದನ್ನು ನಿಲ್ಲಿಸದೆ ಹೊಸ ಕನ್ವರ್ಟರ್ ಹಾಕಿಸಿದರೆ ಅದೂ ಹಾಗೇ ಹೋಗುತ್ತದೆ.

ಟಾಪ್ ಅಪ್ ಮಾಡುವಾಗ ಒಮ್ಮೆಲೇ ಒಂದು ಲೀಟರ್ ಸುರಿಯಬೇಡಿ. ಸ್ವಲ್ಪ ಹಾಕಿ, ಕೆಲವು ನಿಮಿಷ ಬಿಟ್ಟು, ಕಡ್ಡಿ ನೋಡಿ ಮತ್ತೆ ಹಾಕಿ. ಮೇಲಿನ ಗುರುತು ದಾಟಿ ತುಂಬಾ ಜಾಸ್ತಿಯಾದರೆ ಕ್ರ್ಯಾಂಕ್ ಆಯಿಲ್‌ಗೆ ಬಡಿದು ನೊರೆ ಏಳುತ್ತದೆ, ನೊರೆಗೆ ಪ್ರೆಷರ್ ನಿಲ್ಲುವುದಿಲ್ಲ. ಅದೇ ಗ್ರೇಡಿನ ಒಂದು ಲೀಟರ್ ಡಬ್ಬಿ ಮತ್ತು ಒಂದು ಆಲಿಕೆ ಡಿಕ್ಕಿಯಲ್ಲಿ ಯಾವಾಗಲೂ ಇರಲಿ. ಕಾರು ಓಡಿಸುವ ಮನೆಯವರೆಲ್ಲರಿಗೂ ಕಡ್ಡಿ ನೋಡುವುದನ್ನೂ, ಆ ಕೆಂಪು ದೀಪ ಉರಿದರೆ ಅಲ್ಲೇ ನಿಲ್ಲಿಸಿ ಆಫ್ ಮಾಡುವುದನ್ನೂ ಒಮ್ಮೆ ಕೂರಿಸಿಕೊಂಡು ಹೇಳಿಕೊಡಿ. ಮತ್ತೆ, ಟಾಪ್ ಅಪ್ ಮಾಡುತ್ತಾ ಇದ್ದೇವಲ್ಲ, ಹೊಸ ಆಯಿಲ್ ಬೀಳುತ್ತಲೇ ಇದೆಯಲ್ಲ ಅಂತ ಸರ್ವಿಸ್ ಮುಂದೂಡಬೇಡಿ. ಫಿಲ್ಟರ್ ಹಳೆಯದೇ ಇರುತ್ತದೆ, ಕೆಳಗಿನ ಕೊಳೆಯೂ ಅಲ್ಲೇ ಇರುತ್ತದೆ.

ಮುಂದಿನ ಅಳತೆ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ.